ಮುದ್ದೆ ಸೀಮೆಯ ಭತ್ತ

ಭತ್ತದ ಗದ್ದೆಯ ಚೆಲುವು ನೋಡಬೇಕೆಂದರೆ ಮಂಡ್ಯಕ್ಕೆ ಹೋಗಿ, ಗಂಗಾವತಿಗೆ ಹೋಗಿ ಎನ್ನುತ್ತಾರೆ. ಹೋಗಿದ್ದೇನೆ. ತುಂಬಿ ಹರಿಯುವ ನಾಲೆ, ಕಣ್ಣು ದಣಿಯುವಷ್ಟು ಹಸಿರು, ಎಲ್ಲವೂ ಚೆನ್ನ. ಆದರೂ ಭತ್ತವನ್ನು ನಿಧಾನವಾಗಿ ಸವಿಯಬೇಕು ಅನ್ನಿಸಿದಾಗ ನಾನು ಬಸ್ಸು ಹತ್ತುವುದು ಕೋಲಾರದ ಕಡೆಗೆ. ರಾಗಿ ಮುದ್ದೆಯೇ ಊಟವಾದ, ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ, ಸಾವಿರದೈನೂರು ಅಡಿ ಕೊರೆದರೂ ಕೊಳವೆಬಾವಿ ಬರೀ ಧೂಳು ಕಾರಿದ್ದನ್ನು ಕಂಡ ಸೀಮೆ ಅದು. ಅಲ್ಲಿ ಭತ್ತವೇ? ಹೌದು, ಅಲ್ಲೇ. ಕೆಮ್ಮಣ್ಣಿನ ಹೊಲ, ಗುಂಡುಬಂಡೆಯ ಗುಡ್ಡ, ಟೊಮೆಟೊ ತೋಟದ ಕಡ್ಡಿಸಾಲು, ಶ್ರೀನಿವಾಸಪುರದ ಕಡೆಯಾದರೆ ಮುಗಿಯದ ಮಾವಿನ ತೋಪು, ಇವನ್ನೆಲ್ಲ ದಾಟಿ ಒಂದು ಕೆರೆಯ ಏರಿ ಹತ್ತಬೇಕು. ಹತ್ತಿ, ನೀರಿನ ಕಡೆಗಲ್ಲ, ಅದರ ಬೆನ್ನ ಕಡೆಗೆ ತಿರುಗಬೇಕು. ಏರಿಯ ಬುಡದಿಂದ ಹೊರಟು, ಇಳಿಜಾರನ್ನೇ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಕಿರಿದಾಗುವ ಆ ಎಳೆ ಹಸಿರಿನ ಪಟ್ಟಿ ಇದೆಯಲ್ಲ, ಅದಕ್ಕೆ ಸಮನಾದ ಹಸಿರು ನಾಲೆಯ ನಾಡಿನಲ್ಲಿ ನನಗೆ ಸಿಕ್ಕಿಲ್ಲ. ಸುತ್ತಲ ಕೆಂಪು, ಸುತ್ತಲ ಬೂದು ಅದಕ್ಕೆ ಅಂಚು ಕಟ್ಟಿದೆ.

ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆಯಾಗುವ ಮೊದಲಿನ ಕೋಲಾರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಪಾಲಾರ್, ಪಿನಾಕಿನಿಗಳ ಹಳ್ಳಗಳನ್ನು ಒಂದರ ಕೆಳಗೊಂದು ಕಟ್ಟೆ ಕಟ್ಟಿ ತಡೆದು, ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಬೀಳುವಂತೆ ಹೆಣೆದವರ ಜಾಣ್ಮೆ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಒಂದೊಂದು ಕೆರೆಗೂ ತೂಬು, ತೂಬಿನ ಕೆಳಗೆ ಅಚ್ಚುಕಟ್ಟು, ಅಚ್ಚುಕಟ್ಟಿಗೊಬ್ಬ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ತಲೆಯಲ್ಲಿತ್ತು. ಕೂಲಿ ಸುಗ್ಗಿಯಲ್ಲಿ ಧಾನ್ಯವಾಗಿ ಅವನ ಮನೆಗೆ ಬರುತ್ತಿತ್ತು. ಕೆರೆ ಅರ್ಧ ತುಂಬಿದ ವರ್ಷದಲ್ಲಿ ಅಚ್ಚುಕಟ್ಟಿನ ಒಂದು ಭಾಗವನ್ನಷ್ಟೇ ನೆಟ್ಟು, ಆ ಭಾಗದೊಳಗೇ ಎಲ್ಲರಿಗೂ ಅವರವರ ಹಿಡುವಳಿಗೆ ತಕ್ಕ ಪಾಲು ಕೊಡುವ ದಾಮಾಷಾ ಎಂಬ ಏರ್ಪಾಡು ಇಲ್ಲಿ ನಡೆದುಬಂದಿತ್ತು. ನೀರನ್ನು ಎಣಿಸಿ ಬಳಸುವವರ ಕೈಯಲ್ಲಿ ಭತ್ತಕ್ಕೆ ಬೇರೆಯೇ ಒಂದು ಕಳೆ ಬರುತ್ತದೆ. ಇಲ್ಲಿ ಅದು ಯಾವತ್ತೂ ಹಬ್ಬದ ಬೆಳೆ. ಅಂಥ ಬೆಳೆಯ ಒಂದೊಂದು ಹಂತವನ್ನೂ ಜನ ಕಣ್ಣಿಟ್ಟು ನೋಡುತ್ತಾರೆ, ಮಾತಾಡುತ್ತಾರೆ. ನನ್ನಂಥ ನೋಡುಗನಿಗೆ ಬೇಕಾದದ್ದೂ ಅದೇ.

ಭತ್ತವನ್ನು ನೆಲಕ್ಕೆ ಕೂರಿಸುವ ಬಗೆಗಳಿಂದಲೇ ರಸ ಶುರುವಾಗುತ್ತದೆ. 1800ರಲ್ಲಿ ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಕೋಲಾರದ ಮೇಲೂ ಹಾದುಹೋದವನು, ಶ್ರೀರಂಗಪಟ್ಟಣದ ಸುತ್ತ ಕಂಡ ಮೂರು ಬಗೆಗಳನ್ನು ಬರೆದಿಟ್ಟಿದ್ದಾನೆ: ಒಣ ಬೀಜ ಬಿತ್ತುವ ಬರಭತ್ತ, ಮೊಳಕೆ ಕಟ್ಟಿ ಕೆಸರಿಗೆ ಚೆಲ್ಲುವ ಮೊಳೆಭತ್ತ, ಪೈರು ಕಿತ್ತು ನೆಡುವ ನಾಟಿ. ಎರಡು ಶತಮಾನ ಕಳೆದರೂ ಬಗೆಗಳು ಈ ಮೂರೇ. ಈಗಿನ ಹೊಸತೆಲ್ಲ ಇವುಗಳ ಮಕ್ಕಳು ಮೊಮ್ಮಕ್ಕಳು.

ಮೊದಲು ಬೀಜದ ಮಾತು. ಒಳ್ಳೆಯ ರೈತ ಬೀಜವನ್ನು ಉಪ್ಪುನೀರಿಗೆ ಹಾಕುತ್ತಾನೆ. ನೀರಿಗೆ ಎಷ್ಟು ಉಪ್ಪು? ಹಸಿ ಕೋಳಿಮೊಟ್ಟೆ ತೇಲುವಷ್ಟು. ಜೊಳ್ಳು, ಅರೆಗಾಳು ಮೇಲೆ ಬರುತ್ತವೆ. ತೂಕದ ಕಾಳು ತಳದಲ್ಲಿ ಕೂರುತ್ತದೆ. ಅದನ್ನು ಸಿಹಿನೀರಿನಲ್ಲಿ ತೊಳೆದು, ಒಂದು ರಾತ್ರಿ ಒಂದು ಹಗಲು ನೆನೆಸಿ, ಗೋಣಿಚೀಲದಲ್ಲಿ ಕಟ್ಟಿ, ಹುಲ್ಲು ಮುಚ್ಚಿ ಭಾರ ಹೇರಿಟ್ಟರೆ ಮರುದಿನ ಅಥವಾ ಅದರಾಚೆ ದಿನ ಚೀಲದೊಳಗೆ ಕೈ ಹಾಕಿ ನೋಡಬೇಕು. ಬೆಚ್ಚಗಿನ, ಒದ್ದೆಯ, ಸಣ್ಣಗೆ ಹುಳಿಯಾದ ವಾಸನೆ. ಬೆರಳಿಗೆ ತಾಗುವ ನೂರಾರು ಬಿಳಿ ಮೊನೆಗಳು. ಕೈ ಹೊರತೆಗೆಯಲು ಮನಸ್ಸೇ ಬರುವುದಿಲ್ಲ.

ಆ ಮೊನೆಯಲ್ಲೂ ಒಂದು ಸೂಕ್ಷ್ಮವಿದೆ. ಗಾಳಿಯಾಡುವ ಮಣ್ಣಿನಲ್ಲಿ ಮೊಳೆತ ಭತ್ತ ಮೊದಲು ಬೇರು ಬಿಡುತ್ತದೆ. ನೀರಿನಡಿ ಉಸಿರು ಕಟ್ಟುವ ಕಡೆ ಮೊಳೆತರೆ ಬೇರು ತಡೆಯುತ್ತದೆ. ಮೊಳಕೆಯ ಬಿಳಿಯ ಒರೆ ಮೊದಲು ಮೇಲಕ್ಕೆ ನೀಳವಾಗಿ ಚಾಚಿ ಗಾಳಿ ಹುಡುಕುತ್ತದೆ. ಉಳಿದ ಎಷ್ಟೋ ಧಾನ್ಯಗಳು ಕೊಳೆತುಹೋಗುವ ಜಾಗದಲ್ಲಿ ಭತ್ತ ದಾರಿ ಮಾಡಿಕೊಳ್ಳುವ ರೀತಿ ಇದು. ಮೊದಲ ಮೂರು ಎಲೆ ಬರುವವರೆಗೂ ಸಸಿಗೆ ಬುತ್ತಿ ಕಾಳಿನೊಳಗಿನ ಅಕ್ಕಿಯೇ. ಆಮೇಲೆ ತನ್ನ ದುಡಿಮೆ ತನಗೆ.

ಒಟ್ಟಲು ಪಾತಿಯ ಹಸಿರಿಗೆ ನಾನು ಸೋತವನು. ಹತ್ತು ಹನ್ನೆರಡು ದಿನದ ಪೈರು, ಇನ್ನೂ ಕಡುಹಸಿರಾಗದ, ಒಳಗಿನಿಂದ ಹಳದಿ ಬೆಳಕು ಬಿದ್ದ ಹಸಿರು. ಬೆಳಗಿನ ಹೊತ್ತು ಪ್ರತಿ ಎಲೆಯ ತುದಿಯಲ್ಲೂ ಒಂದೊಂದು ನೀರಹನಿ. ಅದು ಮೇಲಿನಿಂದ ಬಿದ್ದ ಇಬ್ಬನಿಯಷ್ಟೇ ಅಲ್ಲ, ಬೇರು ರಾತ್ರಿಯೆಲ್ಲ ಹೀರಿ ತುದಿಯಲ್ಲಿ ಹೊರಗಿಟ್ಟ ನೀರು. ಕೋಲಾರದ ಎತ್ತರ ಸಮುದ್ರಮಟ್ಟಕ್ಕಿಂತ ಎಂಟುನೂರು ಮೀಟರಿಗೂ ಮೇಲೆ. ಹಾಗಾಗಿ ಸಂಕ್ರಾಂತಿಯ ಆಸುಪಾಸಿನಲ್ಲಿ ಬೇಸಿಗೆ ಭತ್ತಕ್ಕೆ ಪಾತಿ ಹಾಕಿದವರ ಪೈರು ಚಳಿಗೆ ಮುದುರಿ, ಹಳದಿಯಾಗಿ, ವಾರಗಟ್ಟಲೆ ಕುಳಿತೇಬಿಡುತ್ತದೆ. ಮಳೆಗಾಲದ ಪಾತಿಗೆ ಆ ತೊಡಕಿಲ್ಲ. ಎಷ್ಟು ದಿನದ ಪೈರು ಕೀಳಬೇಕು ಎಂಬುದಕ್ಕೆ ಹಳಬರ ಲೆಕ್ಕ ಒಂದಿದೆ: ತಳಿ ಎಷ್ಟು ತಿಂಗಳಿನದೋ ಅಷ್ಟು ವಾರ. ನಾಲ್ಕು ತಿಂಗಳ ಭತ್ತಕ್ಕೆ ನಾಲ್ಕು ವಾರದ ಪೈರು. ಅದನ್ನು ಮೀರಿದರೆ ಪೈರು ಪಾತಿಯಲ್ಲೇ ಮುದಿಯಾಗುತ್ತದೆ.

ಇನ್ನು ಕೆಸರು. ಕೆಸರಿನ ಬಗ್ಗೆ ಬರೆಯಲು ಹೊರಟರೆ ನಾನು ನಿಲ್ಲುವುದು ಕಷ್ಟ. ಮಾಲೂರಿನ ಹೆಂಚು ಇಟ್ಟಿಗೆಗಳಿಗೆ ಹೆಸರು ತಂದದ್ದು ಈ ಸೀಮೆಯ ಕೆರೆಯಂಗಳದ ಜಿಗುಟು ಮಣ್ಣು. ಅದೇ ಜಿಗುಟು ಏರಿಯ ಕೆಳಗಿನ ಗದ್ದೆಯಲ್ಲೂ ಇದೆ. ಬೇಸಿಗೆಯಲ್ಲಿ ಕೆರೆಯ ಗೋಡು ಹೊಡೆದು ಹರಡಿದ ಗದ್ದೆಯಾದರೆ ಕೇಳುವುದೇ ಬೇಡ. ನೀರು ಕಟ್ಟಿ, ಉತ್ತು, ಹೊಂಗೆಸೊಪ್ಪು ತುಳಿದು ಹೂತು, ಮತ್ತೆ ಉತ್ತು, ಮಟ್ಟಹಲಗೆ ಎಳೆದಾಗ ಮಣ್ಣಿನ ಹೆಂಟೆಯೊಳಗಿನ ಸಣ್ಣ ಸಣ್ಣ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ. ನೀರು ಇಂಗಿ ಹೋಗದೆ ನಿಲ್ಲುವುದು ಅದರಿಂದ, ಕಳೆ ಸಾಯುವುದೂ ಅದರಿಂದ. ಈಗ ಎತ್ತಿನ ಬದಲು ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರು. ಸದ್ದು ಕೆಟ್ಟದ್ದು, ಕೆಲಸ ಚೆನ್ನಾಗಿಯೇ ಆಗುತ್ತದೆ. ಹದ ಬಂತೋ ಎಂದು ತಿಳಿಯಲು ರೈತ ಒಂದು ಹಿಡಿ ಎತ್ತಿ ಬೆರಳ ಸಂದಿಯಿಂದ ಬಿಡುತ್ತಾನೆ. ಚೆನ್ನಾಗಿ ಉಬ್ಬಿದ ದೋಸೆಹಿಟ್ಟು ಮುಳಬಾಗಿಲಿನ ಹೋಟೆಲಿನವನ ಸೌಟಿನಿಂದ ಜಾರುವಂತೆ ಅದು ದಪ್ಪಗೆ, ಅವಸರವಿಲ್ಲದೆ, ಕಡಿಯದೆ ಜಾರಬೇಕು. ಆಗ ಒಂದು ದಿನ ಬಿಟ್ಟು, ಮಣ್ಣು ಕೂತ ಮೇಲೆ, ನಾಟಿ.

ನಾಟಿಯ ದಿನ ಗದ್ದೆ ಹೆಂಗಸರದ್ದು. ಕಿತ್ತು, ಬೇರು ತೊಳೆದು, ಹುಲ್ಲಿನಲ್ಲಿ ಸುತ್ತಿದ ಪೈರಿನ ಕಟ್ಟುಗಳನ್ನು ಗಂಡಸರು ಬದುವಿನ ಮೇಲಿಂದ ಎಸೆಯುತ್ತಾರೆ. ಅವು ಕೆಸರಿಗೆ ಬೀಳುವ ತಪಕ್ ತಪಕ್ ಸದ್ದು. ಈ ಸೀಮೆಯಲ್ಲಿ ಹಾಡು ತೆಲುಗಿನಲ್ಲಿ ಶುರುವಾಗಿ ಕನ್ನಡಕ್ಕೆ ಹೊರಳಿ ಮತ್ತೆ ತೆಲುಗಿಗೆ ಹೋಗುತ್ತದೆ, ಹಾಡುವವರಿಗೆ ಅದು ಗೊತ್ತೂ ಆಗುವುದಿಲ್ಲ. ಆದರೆ ನನ್ನ ಕಣ್ಣು ಇರುವುದು ಕೈಗಳ ಮೇಲೆ. ಎಡಗೈಯಲ್ಲಿ ಕಟ್ಟು. ಬಲಗೈಯ ಹೆಬ್ಬೆರಳು ಎರಡೋ ಮೂರೋ ಪೈರನ್ನು ಬೇರ್ಪಡಿಸುತ್ತದೆ. ತೋರುಬೆರಳು, ನಡುಬೆರಳು ಬೇರಿನ ಪಕ್ಕ ಸೇರಿ ಕೆಸರಿಗಿಳಿಯುತ್ತವೆ. ಒಂದು ಅಂಗುಲ, ಹೆಚ್ಚೆಂದರೆ ಒಂದೂಕಾಲು. ಬೆರಳು ಮೇಲೆ ಬರುವಾಗ ಕೆಸರು ತಾನೇ ಬಂದು ಮುಚ್ಚಿಕೊಳ್ಳುತ್ತದೆ. ಇಷ್ಟೆಲ್ಲ ಒಂದು ಉಸಿರಿನೊಳಗೆ. ಆಳಕ್ಕೆ ಚುಚ್ಚಿದರೆ ಬುಡದಿಂದ ಒಡೆಯುವ ಮರಿದಂಟು, ಅಂದರೆ ತೆಂಡೆ, ತಡವಾಗುತ್ತದೆ, ತೇಲಿಸಿದರೆ ಗಾಳಿಗೆ ಮಲಗುತ್ತದೆ. ಆ ಅಂಗುಲದ ಅಳತೆಯನ್ನು ಪುಸ್ತಕ ಬರೆದವರು ಈ ಬೆರಳುಗಳಿಂದಲೇ ಕಲಿತಿರಬೇಕು.

ಬೇರೆ ಬಗೆಗಳನ್ನೂ ನಾನು ರುಚಿ ನೋಡಿದ್ದೇನೆ. ಮೊಳಕೆ ಬೀಜವನ್ನು ಕೆಸರಿನ ಮೇಲೆ ಸಾಲಾಗಿ ಉದುರಿಸುವ ಡ್ರಮ್ ಸೀಡರ್ ಇದೆ. ಒಬ್ಬನೇ ಎಳೆದುಕೊಂಡು ಹೋಗಬಹುದು, ಕೂಲಿ ಉಳಿಯುತ್ತದೆ. ನಾಟಿಯ ಪೆಟ್ಟು ತಿನ್ನದ ಪೈರಾದ್ದರಿಂದ ಕೊಯ್ಲೂ ಒಂದು ವಾರ ಹತ್ತು ದಿನ ಮೊದಲೇ ಬರುತ್ತದೆ. ಕಳೆ ಮಾತ್ರ ಜೊತೆಗೇ ಏಳುತ್ತದೆ. ಇದು ಉಪಯೋಗದ ಬಗೆ, ಸೊಗಸಿನದ್ದಲ್ಲ.

ಶ್ರೀ ಪದ್ಧತಿಯ ವಿಷಯ ಬೇರೆ. ಆನ್ರಿ ದ ಲೋಲಾನಿಯೆ ಎಂಬ ಫ್ರೆಂಚ್ ಪಾದ್ರಿ 1983ರ ಹೊತ್ತಿಗೆ ಮಡಗಾಸ್ಕರಿನ ರೈತರ ಜೊತೆ ರೂಪಿಸಿದ ಕ್ರಮ ಇದು. ಎಂಟರಿಂದ ಹನ್ನೆರಡು ದಿನದ ಎಳೆಪೈರು, ಗುಣಿಗೆ ಒಂದೇ ಒಂದು, ನಾಲ್ಕೂ ಕಡೆ ಇಪ್ಪತ್ತೈದು ಸೆಂಟಿಮೀಟರ್ ಬಿಡುವು. ನೀರು ನಿಲ್ಲಿಸುವಂತಿಲ್ಲ, ಒಮ್ಮೆ ತೇವ ಒಮ್ಮೆ ಬಿರುಕು. ಮುಳಬಾಗಿಲಿನ ಕಡೆಯ ಒಂದು ಗದ್ದೆಯಲ್ಲಿ ನಾಟಿಗೆ ಬಂದ ಅಜ್ಜಿ ಒಬ್ಬರು ಅದನ್ನು ನೋಡಿ, “ಒಂದೇ ಪೈರಾ? ಕೊಕ್ಕರೆ ತುಳಿದ್ರೆ ಏನ್ ಗತಿ ಸಾಮಿ?” ಅಂದರು. ಒಂದೂವರೆ ತಿಂಗಳಾದ ಮೇಲೆ ಅದೇ ಒಂಟಿ ಪೈರಿನ ಬುಡ ಎರಡೂ ಅಂಗೈಗೆ ಹಿಡಿಯದಷ್ಟು ದಪ್ಪ.

ನೀರೇ ನಿಲ್ಲಿಸದೆ, ಕೆಸರೇ ಮಾಡದೆ, ರಾಗಿ ಬಿತ್ತುವಂತೆ ಒಣನೆಲದಲ್ಲಿ ಬಿತ್ತಿ ಆಗಾಗ ನೀರು ಕೊಡುವ ಏರೋಬಿಕ್ ಭತ್ತವೂ ಇದೆ. ಅದಕ್ಕೆಂದೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಶೈಲಜಾ ಹಿತ್ತಲಮನಿಯವರ ತಂಡ ಎಂಎಎಸ್ 946-1ರಂಥ ತಳಿ ತಂದಿತು. ಕೋಲಾರ ಸೇರಿರುವ ಪೂರ್ವ ಒಣವಲಯಕ್ಕೆ ಹೇಳಿ ಮಾಡಿಸಿದ ವಿವೇಕ ಅದು. ಬುಕಾನನ್ ಬರೆದ ಬರಭತ್ತವೇ ಓದಿಕೊಂಡು ಮರಳಿ ಬಂದಿದೆ. ನನ್ನ ಬುದ್ಧಿ ಏರೋಬಿಕ್ ಕಡೆಗಿದೆ, ಬಾಯಿ ಮಾತ್ರ ಕೆಸರಿನ ಕಡೆಗೆ.

ನೆಟ್ಟ ಪೈರು ಒಂದು ವಾರ ಮುನಿಸಿಕೊಳ್ಳುತ್ತದೆ. ಎಲೆ ಹಳದಿ, ತುದಿ ಒಣ. ಆಮೇಲೊಂದು ಬೆಳಗ್ಗೆ ಇಡೀ ಗದ್ದೆಯ ಬಣ್ಣ ತಿರುಗಿರುತ್ತದೆ. ಆಗ ಒಂದು ಬುಡವನ್ನು ಮೆಲ್ಲಗೆ ಕಿತ್ತು ಬೇರು ತೊಳೆದು ನೋಡಿ. ಹೊಸ ಬೇರಿನ ತುದಿ ಬಿಳಿ, ಹಳೆಯ ಭಾಗಕ್ಕೆ ಕಿತ್ತಳೆಗೆಂಪಿನ ಲೇಪ. ಭತ್ತದ ದಂಟಿನೊಳಗೆ ಎಲೆಯಿಂದ ಬೇರಿನ ತನಕ ಗಾಳಿ ಇಳಿಯುವ ಕೊಳವೆಗಳಿವೆ. ಆ ಗಾಳಿ ಬೇರಿನಿಂದ ಸೋರಿ ಕೆಸರಿನಲ್ಲಿ ಕರಗಿದ ಕಬ್ಬಿಣಕ್ಕೆ ತಾಗಿ, ಅಲ್ಲೇ ತುಕ್ಕಾಗಿ ಅಂಟಿಕೊಂಡ ಬಣ್ಣ ಇದು. ಬೇರು ಕಪ್ಪಾಗಿ ನಾರುತ್ತಿದ್ದರೆ ನೀರು ತೆಗೆಯಬೇಕು ಎಂದರ್ಥ.

ಇನ್ನು ತೆಂಡೆ. ಇದರಲ್ಲಿ ಭತ್ತ ಎಂಥ ಲೆಕ್ಕಗಾರ ಎಂದರೆ, ಮುಖ್ಯ ದಂಟಿನಲ್ಲಿ ಐದನೆಯ ಎಲೆ ಹೊರಡುವಾಗ ಎರಡನೆಯ ಎಲೆಯ ಕಂಕುಳಿನಿಂದ ಮೊದಲ ತೆಂಡೆ ಹೊರಡುತ್ತದೆ. ಆರನೆಯ ಎಲೆಗೆ ಮೂರನೆಯದರ ಕಂಕುಳು. ಎಲೆ ಮತ್ತು ತೆಂಡೆಯ ನಡುವೆ ಯಾವಾಗಲೂ ಮೂರು ಹೆಜ್ಜೆಯ ಅಂತರ. ಜಪಾನಿನ ಕತಯಾಮಾ ಈ ತಾಳವನ್ನು ಗುರುತಿಸಿ 1951ರಲ್ಲಿ ಪ್ರಕಟಿಸಿದ. ತೆಂಡೆಯಿಂದ ಮರಿತೆಂಡೆ, ಮರಿಯಿಂದ ಮೊಮ್ಮರಿ. ಗುಣಿಗಳ ನಡುವಿನ ನೀರು ದಿನದಿಂದ ದಿನಕ್ಕೆ ಕಾಣದಾಗಿ, ಆಕಾಶದ ತುಂಡುಗಳೆಲ್ಲ ಮುಚ್ಚಿಹೋಗಿ, ಗದ್ದೆ ಒಂದೇ ಹಾಸು ಆಗುತ್ತದೆ. ತಡವಾಗಿ ಹುಟ್ಟಿದ ತೆಂಡೆಗಳು ಆಮೇಲೆ ಸದ್ದಿಲ್ಲದೆ ಸಾಯುತ್ತವೆ.

ಭತ್ತದ ಕಾಲಗಣನೆಯಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇಲ್ಲಿದೆ. ನೂರಿಪ್ಪತ್ತು ದಿನದ ತಳಿ, ನೂರೈವತ್ತು ದಿನದ ತಳಿ ಎನ್ನುತ್ತೇವಲ್ಲ, ಆ ಮೂವತ್ತು ದಿನದ ವ್ಯತ್ಯಾಸವೆಲ್ಲ ಈ ಎಲೆ-ತೆಂಡೆಯ ಕಾಲದ್ದೇ. ತೆನೆಯ ಮೊಳಕೆ ಕಟ್ಟಿದಲ್ಲಿಂದ ಹೂವಿನವರೆಗೆ ಸುಮಾರು ಮೂವತ್ತೈದು ದಿನ, ಹೂವಿನಿಂದ ಕೊಯ್ಲಿಗೆ ಸುಮಾರು ಮೂವತ್ತು. ಐ.ಆರ್. 64 ಇರಲಿ, ಜಯ ಇರಲಿ, ಅಜ್ಜನ ಕಾಲದ ಆರು ತಿಂಗಳ ಭತ್ತವೇ ಇರಲಿ, ಉಷ್ಣದ ನಾಡಿನಲ್ಲಿ ಈ ಅರವತ್ತೈದು ದಿನಗಳಲ್ಲಿ ಹೆಚ್ಚುಕಡಿಮೆಯಿಲ್ಲ. ಬಾಲ್ಯ ಎಷ್ಟು ಉದ್ದವಾದರೂ ಸರಿ. ಗರ್ಭಕ್ಕೂ ಹಣ್ಣಿಗೂ ಭತ್ತ ರಿಯಾಯಿತಿ ಕೇಳುವುದಿಲ್ಲ. ಹಾಗಾಗಿ ಪಾತಿ ಹಾಕುವ ದಿನವೇ ಎಲ್ಲವನ್ನೂ ನಿರ್ಧರಿಸಿಬಿಡುತ್ತದೆ. ಕೋಲಾರದಲ್ಲಿ ಕೆರೆ ತುಂಬಿಸುವ ದೊಡ್ಡ ಮಳೆ ಬರುವುದು ಉತ್ತರೆ, ಹಸ್ತೆ, ಚಿತ್ತೆಯ ಹೊತ್ತಿಗೆ. ಅದಕ್ಕಾಗಿ ಕಾದು ತಡವಾಗಿ ನೆಟ್ಟರೆ ತೆನೆ ಗರ್ಭದಲ್ಲಿರುವಾಗಲೇ ಮಾಗಿಯ ಚಳಿ ಬಂದು, ಪರಾಗ ಕೆಟ್ಟು, ಅರ್ಧ ತೆನೆ ಜೊಳ್ಳು. ಕಾಯದೆ ನೆಟ್ಟರೆ ಕೆರೆಯಲ್ಲಿ ನೀರಿರುವ ಭರವಸೆಯಿಲ್ಲ. ಈ ಎರಡರ ನಡುವಿನ ಸಣ್ಣ ಕಿಂಡಿಯಲ್ಲಿ ಪೈರನ್ನು ನುಸುಳಿಸುವುದೇ ಇಲ್ಲಿನವರ ಕಸುಬು. 2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದು, ಆಮೇಲೆ ಸಾಲುಕೆರೆಗಳು ತುಂಬತೊಡಗಿದವು. ಆ ನೀರು ನೆಲದೊಳಗೆ ಇಂಗಲೆಂದು ಬಂದದ್ದು, ತೂಬೆತ್ತಿ ಗದ್ದೆಗೆ ಹಾಯಿಸಲು ಅಲ್ಲ.

ತೆನೆ ಕಟ್ಟುವುದನ್ನು ಕಾಣಬೇಕೆಂದರೆ ಕಳ್ಳಗಣ್ಣು ಬೇಕು. ಮುಖ್ಯ ದಂಟನ್ನು ಬುಡದಿಂದ ಉಗುರಿನಲ್ಲಿ ಉದ್ದಕ್ಕೆ ಸೀಳಿದರೆ, ಕೊನೆಯ ಗೆಣ್ಣಿನ ಮೇಲೆ ಒಂದು ಮಿಲಿಮೀಟರಿನ ಬಿಳಿಯ, ನವಿರಾದ ಕುಚ್ಚು. ಮುಂದೆ ನೂರಿನ್ನೂರು ಕಾಳು ಹೊರಬೇಕಾದ ತೆನೆ ಅದು. ದಿನಗಳುರುಳಿದಂತೆ ದಂಟು ಉಬ್ಬಿ ಹೊಡೆಯಾಗುತ್ತದೆ. ಸವರಿದರೆ ಒಳಗೆ ಮೆತ್ತಗೆ ಏನೋ ಇದೆಯೆಂದು ಬೆರಳಿಗೆ ತಿಳಿಯುತ್ತದೆ. ಈ ಹೊತ್ತಿನಲ್ಲಿ ನೀರಿಗೆ ಮೋಸ ಮಾಡಬಾರದು ಎಂದು ನೀರುಗಂಟಿಗೂ ಗೊತ್ತಿರುತ್ತದೆ.

ಮತ್ತೆ ಹೂವು. ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಅನ್ನ ಉಣ್ಣುವ ಕೋಟಿ ಜನರಲ್ಲಿ ಭತ್ತದ ಹೂ ಕಂಡವರು ಎಷ್ಟು ಮಂದಿ? ತೆನೆ ಹೊಡೆಯಿಂದ ಹೊರಟ ದಿನವೋ ಮರುದಿನವೋ, ಬೆಳಗ್ಗೆ ಒಂಬತ್ತು ದಾಟಿ ಬಿಸಿಲು ಮೈಗೆ ಹಿತವಾಗುವ ಹೊತ್ತಿಗೆ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ತೆನೆಯ ತುದಿ ನೋಡಬೇಕು. ತುದಿಯೇ ಮೊದಲು ಅರಳುವುದು. ಕಾಳಿನ ಸಿಪ್ಪೆಯಾಗಲಿರುವ ಎರಡು ಹಸಿರು ದೋಣಿಗಳು, ಒಳಗಿನ ಪುಟ್ಟ ಎಸಳುಗಳು ನೀರು ಕುಡಿದು ಉಬ್ಬಿದ ಒತ್ತಡಕ್ಕೆ, ನಿಧಾನವಾಗಿ, ಬಹಳ ನಿಧಾನವಾಗಿ ಬಾಯಿ ಬಿಡುತ್ತವೆ. ಆರು ಕೇಸರಗಳು ನೀಳುತ್ತ ಹೊರಬರುತ್ತವೆ. ಪಕ್ಕದ ಹೊಲದ ರಾಗಿಯ ಹೂವಿಗೆ ಮೂರೇ. ಕೂದಲಿಗಿಂತ ಸಣ್ಣ ದಾರದ ತುದಿಯಲ್ಲಿ ತೂಗುವ ತಿಳಿಹಳದಿ ಚೀಲಗಳು. ಒಳಗೆ ಎರಡು ಬಿಳಿಯ ಗರಿ, ಕಣ್ಣು ಕಿರಿದಾಗಿಸಿದರಷ್ಟೇ ಕಾಣುವಂಥವು. ಚೀಲ ಒಡೆಯುತ್ತದೆ, ಧೂಳು ಗರಿಯ ಮೇಲೆ ಬೀಳುತ್ತದೆ. ಆ ಧೂಳಿನ ಜೀವ ಐದಾರು ನಿಮಿಷದ್ದು. ಗಂಟೆಯೊಂದರಲ್ಲಿ ದೋಣಿಗಳು ಮತ್ತೆ ಕೂಡಿಕೊಳ್ಳುತ್ತವೆ, ಕೇಸರಗಳು ಹೊರಗೇ ಉಳಿದು ಬಾಡುತ್ತವೆ. ಮತ್ತೆಂದೂ ತೆರೆಯುವುದಿಲ್ಲ, ಅದನ್ನು ತೆರೆಯುವುದು ಗಿರಣಿ. ತುದಿಯಿಂದ ಬುಡಕ್ಕೆ ಇಳಿಯುತ್ತ ಒಂದು ತೆನೆ ಅರಳಿ ಮುಗಿಯಲು ಒಂದು ವಾರ. ಆ ವಾರ ಗದ್ದೆಯ ಗಾಳಿಯಲ್ಲಿ ಒಂದು ಎಳಸು ವಾಸನೆ ಇರುತ್ತದೆ, ಹಸಿ ಅಕ್ಕಿಹಿಟ್ಟಿನದ್ದೋ ಹುಲ್ಲಿನದ್ದೋ ಹೇಳಲಾಗದ್ದು. ಹತ್ತೂವರೆಗೆ ಹೋದವರಿಗೆ ಅದು ಪೂರ್ತಿ ಸಿಗುತ್ತದೆ; ಸಂಜೆ ಫೋಟೋ ತೆಗೆಯಲು ಹೋದವರಿಗೆ ಏನೂ ಇಲ್ಲ.

ಹೂ ಕಳೆದ ವಾರದಲ್ಲಿ ಕಾಳು ಹಿಸುಕಿದರೆ ಹಾಲು. ನಾಲಗೆಗೆ ಹಚ್ಚಿ ನೋಡಿ: ತಣ್ಣಗಿನ, ನಾಚಿದ ಸಿಹಿ. ಗಿಣಿ, ಗುಬ್ಬಚ್ಚಿ, ತಿಗಣೆ ಎಲ್ಲಕ್ಕೂ ಈ ಸಿಹಿ ಗೊತ್ತು. ಹಾಲು ಗಟ್ಟಿಯಾಗಿ ಹಿಟ್ಟಾಗುತ್ತದೆ, ಹಿಟ್ಟು ಕಲ್ಲಾಗುತ್ತದೆ. ತುದಿಯಿಂದ ಬಂಗಾರ ಇಳಿಯುತ್ತ ತೆನೆ ಬಾಗುತ್ತದೆ. ಬುಡದ ನಾಲ್ಕು ಕಾಳು ಇನ್ನೂ ಹಸಿರಿರುವಾಗಲೇ ಕುಡುಗೋಲು ಹಾಕುವವನು ಬಲ್ಲವನು. ಪೂರ್ತಿ ಒಣಗಲಿ ಎಂದು ಬಿಟ್ಟರೆ ತುದಿಯ ಕಾಳು ಉದುರುತ್ತದೆ, ಉಳಿದದ್ದು ಗಿರಣಿಯಲ್ಲಿ ನುಚ್ಚಾಗುತ್ತದೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ಹೊಸ ಅಕ್ಕಿಯ ಸಿಹಿ ಪೊಂಗಲ್ ಬಡಿಸಬೇಕು, ಬೆಲ್ಲ ಸ್ವಲ್ಪ ಕಡಿಮೆ ಹಾಕಿ, ಅಕ್ಕಿಯ ಜಿಗುಟೂ ಘಮವೂ ಮುಂದೆ ನಿಲ್ಲುವಂತೆ.

ಕೊಯ್ದ ಗದ್ದೆಗೂ ನಾನು ಹೋಗುವುದುಂಟು. ಮಣ್ಣಿನಲ್ಲಿ ತೇವ ಉಳಿದಿದ್ದರೆ ಕೂಳೆಯ ಗೆಣ್ಣುಗಳಿಂದ ವಾರದೊಳಗೆ ಎಳೆ ಚಿಗುರು ಹೊರಡುತ್ತದೆ. ಅದಕ್ಕೆ ಪಾತಿ ಬೇಡ, ನಾಟಿ ಬೇಡ. ತೂಬಿನಿಂದ ಇನ್ನೊಂದಿಷ್ಟು ನೀರು ಸಿಕ್ಕರೆ ಎರಡು ತಿಂಗಳಲ್ಲೇ ಚಿಕ್ಕ ಚಿಕ್ಕ ತೆನೆ ಬರುತ್ತವೆ. ಈ ಸೀಮೆಯಲ್ಲಿ ಅಷ್ಟು ನೀರು ಯಾರೂ ಕೊಡುವುದಿಲ್ಲ. ಕುರಿಮಂದೆ ಬಂದು ಮೇಯುತ್ತದೆ, ರಾತ್ರಿ ಅಲ್ಲೇ ತಂಗಿ ಗೊಬ್ಬರ ಹಾಕಿ ಹೋಗುತ್ತದೆ.